ಸ್ಕೇಲ್ ಮಾಡಿದ ರಾಸ್ಟರ್‌ನ ಕಚ್ಚಾ ಅಂಕಿಗಳನ್ನು ಜಿಡಾಲ್ ಬಳಸಿ ನಿಜ ಮೌಲ್ಯಕ್ಕೆ ತರುವುದು

ಸಸ್ಯ ಸೂಚ್ಯಂಕದ ರಾಸ್ಟರ್ (ಪ್ರತಿ ಪಿಕ್ಸೆಲ್‌ನಲ್ಲೂ ಒಂದು ಅಂಕಿ ಇರುವ ನಕ್ಷೆಯ ಫೈಲ್) ತೆರೆದರೆ 0.64 ಇರಬೇಕಾದ ಪಿಕ್ಸೆಲ್‌ನಲ್ಲಿ 6400 ಕಾಣುತ್ತದೆ. ನೆಲದ ಮೇಲ್ಮೈ ಉಷ್ಣತೆಯ ರಾಸ್ಟರ್‌ನಲ್ಲಿ 15000 ಎಂಬ ಅಂಕಿ ಇರುತ್ತದೆ. ಫೈಲ್ ಕೆಟ್ಟಿಲ್ಲ. ದಶಮಾಂಶ ಸಂಖ್ಯೆಗಳನ್ನು ಪೂರ್ಣಾಂಕಗಳಾಗಿ ಮಡಚಿಟ್ಟಿದ್ದಾರೆ, ಅಷ್ಟೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಬ್ಯಾಂಡಿನ ಒಂದು ಟೈಲ್‌ನಲ್ಲಿ 10980 × 10980 ಪಿಕ್ಸೆಲ್‌ಗಳಿವೆ, ಅಂದರೆ 12 ಕೋಟಿಗೂ ಹೆಚ್ಚು. ಒಂದಕ್ಕೆ 2 ಬೈಟ್ ಎಂದರೆ ಸುಮಾರು 241 ಎಂಬಿ, 4 ಬೈಟಿನ ದಶಮಾಂಶ ಎಂದರೆ 482 ಎಂಬಿ. ಪೂರ್ಣಾಂಕಗಳು ಕಂಪ್ರೆಸ್ ಕೂಡ ಚೆನ್ನಾಗಿ ಆಗುತ್ತವೆ. ಹಾಗಾಗಿ ದತ್ತಾಂಶ ಕೊಡುವವರು ಪೂರ್ಣಾಂಕವನ್ನು ಕೊಟ್ಟು, ಅದನ್ನು ಬಿಚ್ಚುವ ಸೂತ್ರವನ್ನು ಜೊತೆಗಿಡುತ್ತಾರೆ:

ನಿಜ ಮೌಲ್ಯ = ಕಚ್ಚಾ ಮೌಲ್ಯ × ಸ್ಕೇಲ್ + ಆಫ್‌ಸೆಟ್

ಮೊದಲು ಗುಣಿಸಬೇಕು, ಆಮೇಲೆ ಕೂಡಬೇಕು. ಇಷ್ಟು ಸರಳವಾದ ಸೂತ್ರದಲ್ಲೂ ತಪ್ಪು ನುಸುಳುವ ಜಾಗಗಳು ಬೇಕಾದಷ್ಟಿವೆ. ಹೆಚ್ಚಿನ ತಪ್ಪುಗಳು ಗುಣಾಕಾರದಲ್ಲಿ ಆಗುವುದಿಲ್ಲ. ನೋಡೇಟಾ (ದತ್ತಾಂಶ ಇಲ್ಲದ ಪಿಕ್ಸೆಲ್‌ನ ಗುರುತು ಅಂಕಿ), ಡೇಟಾ ಟೈಪ್ (ಅಂಕಿಯನ್ನು ಇಡುವ ಬಗೆ), ಮೆಟಾಡೇಟಾ (ಫೈಲ್ ತನ್ನ ಬಗ್ಗೆ ಇಟ್ಟ ವಿವರ) ಈ ಮೂರರ ಸುತ್ತ ಆಗುತ್ತವೆ. ಅದರಲ್ಲೂ ಕೆಟ್ಟ ಸಂಗತಿಯೆಂದರೆ ಜಿಡಾಲ್ (ರಾಸ್ಟರ್ ಫೈಲ್‌ಗಳನ್ನು ಓದಿ ಬದಲಿಸುವ ಟರ್ಮಿನಲ್ ಆಜ್ಞೆಗಳ ಸಾಫ್ಟ್‌ವೇರ್) ಇಂಥ ತಪ್ಪುಗಳಿಗೆ ಎರರ್ ತೋರಿಸುವುದಿಲ್ಲ. ಫೈಲ್ ಬರುತ್ತದೆ, ನಕ್ಷೆ ಚೆಂದವಾಗಿ ಕಾಣುತ್ತದೆ, ಅಂಕಿ ಮಾತ್ರ ಸುಳ್ಳಾಗಿರುತ್ತದೆ.

ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಅಡ್ಡಗೆರೆ, ಅಂಡರ್‌ಸ್ಕೋರ್, ಅಂಕಿಗಳು ಇದ್ದ ಹಾಗೇ ಇರಲಿ. ಯಾವುದೇ ಆಯ್ಕೆಯ ಸರಿಯಾದ ಕಾಗುಣಿತ ಬೇಕಿದ್ದರೆ ಆ ಆಜ್ಞೆಯ ಮುಂದೆ --ಹೆಲ್ಪ್ ಕೊಟ್ಟು ನೋಡಿ.

ಮೊದಲು ಫೈಲ್ ಏನು ಹೇಳುತ್ತದೆ ಎಂದು ಓದಿ

ಜಿಡಾಲ್‌ಇನ್ಫೋ ಇನ್‌ಪುಟ್.ಟಿಫ್

ಹೊರಬರುವ ಉದ್ದದ ಪಠ್ಯದಲ್ಲಿ ಬ್ಯಾಂಡ್ ವಿವರ ಕೊನೆಯಲ್ಲಿರುತ್ತದೆ. ಅಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ. ಟೈಪ್ ಏನು: ಇಂಟ್16, ಯುಇಂಟ್16 ಅಥವಾ ಬೈಟ್? ನೋಡೇಟಾ ವ್ಯಾಲ್ಯೂ ಎಂಬ ಸಾಲು ಇದೆಯೇ, ಇದ್ದರೆ ಎಷ್ಟು? ಆಫ್‌ಸೆಟ್, ಸ್ಕೇಲ್ ಎಂಬ ಸಾಲು ಇದೆಯೇ? ಈ ಕೊನೆಯ ಸಾಲು ಇಲ್ಲದಿದ್ದರೆ ಜಿಡಾಲ್ ಪಾಲಿಗೆ ಸ್ಕೇಲ್ 1, ಆಫ್‌ಸೆಟ್ 0. ಕನಿಷ್ಠ, ಗರಿಷ್ಠದ ಲೆಕ್ಕಕ್ಕೆ -ಎಂಎಂ ಆಯ್ಕೆ ಸೇರಿಸಬಹುದು, ಆದರೆ ಅದು ತೋರಿಸುವುದು ಕಚ್ಚಾ ಅಂಕಿಗಳ ಕನಿಷ್ಠ, ಗರಿಷ್ಠವನ್ನೇ. ಸ್ಕೇಲ್ ಮೆಟಾಡೇಟಾದಲ್ಲಿದ್ದರೂ ಅಷ್ಟೆ.

ಎಚ್‌ಡಿಎಫ್, ನೆಟ್‌ಸಿಡಿಎಫ್ ಫೈಲ್‌ಗಳಲ್ಲಿ ಹಲವು ಉಪದತ್ತಾಂಶಗಳು ಇರುತ್ತವೆ. ಮೊದಲ ಜಿಡಾಲ್‌ಇನ್ಫೋ ಅವುಗಳ ಪಟ್ಟಿಯನ್ನಷ್ಟೇ ಕೊಡುತ್ತದೆ. ಬೇಕಾದ ಉಪದತ್ತಾಂಶದ ಪೂರ್ತಿ ಹೆಸರನ್ನು ನಕಲಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು ಮತ್ತೊಮ್ಮೆ ಜಿಡಾಲ್‌ಇನ್ಫೋ ಓಡಿಸಿದರೆ ಮಾತ್ರ ಸ್ಕೇಲ್ ಕಾಣುತ್ತದೆ. ಎಚ್‌ಡಿಎಫ್4 ಫೈಲ್ ತೆರೆಯುವುದೇ ಇಲ್ಲ ಎಂದಾದರೆ ಫೈಲನ್ನು ದೂರುವ ಮೊದಲು ಜಿಡಾಲ್‌ಇನ್ಫೋ --ಫಾರ್ಮ್ಯಾಟ್ಸ್ ಪಟ್ಟಿಯಲ್ಲಿ ಆ ಡ್ರೈವರ್ ಇದೆಯೇ ನೋಡಿ. ಅದಿಲ್ಲದೆ ಕಟ್ಟಿದ ಜಿಡಾಲ್ ಪ್ಯಾಕೇಜುಗಳೂ ಉಂಟು.

ಈಗ ಆ ಉತ್ಪನ್ನದ ಬಳಕೆದಾರ ಕೈಪಿಡಿ ತೆರೆದು, ಫೈಲ್ ಹೇಳಿದ್ದನ್ನು ಕೈಪಿಡಿಯ ಜೊತೆ ಹೋಲಿಸಿ. ಇದನ್ನು ಬಿಡಬೇಡಿ. ಹೆಚ್ಚು ಬಳಕೆಯಲ್ಲಿರುವ ಕೆಲವು ಉಪಗ್ರಹ ಉತ್ಪನ್ನಗಳ ಅಂಕಿಗಳು ಹೀಗಿವೆ. ಫಿಲ್ ಎಂದರೆ ದತ್ತಾಂಶ ಇಲ್ಲದ ಪಿಕ್ಸೆಲ್‌ನಲ್ಲಿ ತುಂಬಿಟ್ಟ ಅಂಕಿ.

ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2, ಲೆವೆಲ್ 2 ಮೇಲ್ಮೈ ಪ್ರತಿಫಲನ: ಸ್ಕೇಲ್ 0.0000275, ಆಫ್‌ಸೆಟ್ -0.2, ಫಿಲ್ 0, ಒಪ್ಪಬಹುದಾದ ಕಚ್ಚಾ ವ್ಯಾಪ್ತಿ 7273ರಿಂದ 43636. ಅದೇ ಕಲೆಕ್ಷನ್‌ನ ಮೇಲ್ಮೈ ಉಷ್ಣತೆ: ಸ್ಕೇಲ್ 0.00341802, ಆಫ್‌ಸೆಟ್ 149, ಫಲಿತಾಂಶ ಕೆಲ್ವಿನ್‌ನಲ್ಲಿ, ಫಿಲ್ 0. ಮೋಡಿಸ್ ಎಂಒಡಿ11 ಉಷ್ಣತೆ: ಸ್ಕೇಲ್ 0.02, ಕೆಲ್ವಿನ್, ಫಿಲ್ 0, ವ್ಯಾಪ್ತಿ 7500ರಿಂದ 65535. ಮೋಡಿಸ್ ಎಂಒಡಿ13 ಎನ್‌ಡಿವಿಐ (ಸಸ್ಯ ಸೂಚ್ಯಂಕ): ಗುಣಕ 0.0001, ಫಿಲ್ -3000, ವ್ಯಾಪ್ತಿ -2000ದಿಂದ 10000. ಸೆಂಟಿನೆಲ್-2 ಲೆವೆಲ್ 2ಎ: 10000ದಿಂದ ಭಾಗಿಸಬೇಕು, ಫಿಲ್ 0, ಆಫ್‌ಸೆಟ್ ಪ್ರೊಸೆಸಿಂಗ್ ಬೇಸ್‌ಲೈನ್ (ಸಂಸ್ಕರಣೆಯ ಆವೃತ್ತಿ) ಮೇಲೆ ನಿಂತಿದೆ, ಅದರ ಮಾತು ಮುಂದೆ ಬರುತ್ತದೆ.

ಈಗ ಒಂದು ಪಿಕ್ಸೆಲ್ ಆರಿಸಿ ಕಾಗದದ ಮೇಲೆ ಲೆಕ್ಕ ಹಾಕಿ. ಲ್ಯಾಂಡ್‌ಸ್ಯಾಟ್ ಪ್ರತಿಫಲನದ ಕಚ್ಚಾ ಅಂಕಿ 14545 ಆದರೆ, 14545 × 0.0000275 = 0.3999875; ಅದರಿಂದ 0.2 ಕಳೆದರೆ 0.1999875. ಈ ಅಂಕಿಯನ್ನೂ ಪಿಕ್ಸೆಲ್‌ನ ಸ್ಥಾನವನ್ನೂ ಬರೆದಿಟ್ಟುಕೊಳ್ಳಿ. ಕೊನೆಗೆ ತಾಳೆ ನೋಡಲು ಇದೇ ಬೇಕು.

ಮೆಟಾಡೇಟಾ ಸರಿಯಾಗಿದ್ದರೆ

ಸ್ಕೇಲ್, ಆಫ್‌ಸೆಟ್ ಫೈಲ್‌ನಲ್ಲೇ ಇದ್ದು ಕೈಪಿಡಿಯ ಜೊತೆ ಹೊಂದಿಕೆಯಾದರೆ ಒಂದೇ ಸಾಲಿನ ಕೆಲಸ:

ಜಿಡಾಲ್_ಟ್ರಾನ್ಸ್‌ಲೇಟ್ -ಅನ್‌ಸ್ಕೇಲ್ -ಓಟಿ ಫ್ಲೋಟ್32 ಇನ್‌ಪುಟ್.ಟಿಫ್ ಔಟ್‌ಪುಟ್.ಟಿಫ್

ಓಟಿ ಎಂದರೆ ಔಟ್‌ಪುಟ್ ಟೈಪ್. ಇದನ್ನು ಮರೆತರೆ ಔಟ್‌ಪುಟ್ ಕೂಡ ಪೂರ್ಣಾಂಕವಾಗಿಯೇ ಉಳಿಯುವ ಅಪಾಯವಿದೆ. ಆಗ 0.1999 ಎಂಬುದು 0 ಆಗುತ್ತದೆ, 0.64 ಎಂಬುದು 1 ಆಗುತ್ತದೆ. ಬರೀ 0, 1 ತುಂಬಿದ ರಾಸ್ಟರ್ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಫ್ಲೋಟ್64 ಬೇಡ: ಫ್ಲೋಟ್32ರಲ್ಲಿ ಸುಮಾರು 7 ಸಾರ್ಥಕ ಅಂಕಿಗಳ ನಿಖರತೆ ಇದೆ, 16 ಬಿಟ್‌ನ ಕಚ್ಚಾ ಅಂಕಿಗೆ ಅದು ಧಾರಾಳ.

ಹಲವು ಬ್ಯಾಂಡ್‌ಗಳಿದ್ದು ಒಂದೊಂದಕ್ಕೂ ಬೇರೆ ಸ್ಕೇಲ್ ಇದ್ದರೆ ಅನ್‌ಸ್ಕೇಲ್ ಆಯಾ ಬ್ಯಾಂಡಿನ ಅಂಕಿಯನ್ನೇ ತೆಗೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಔಟ್‌ಪುಟ್‌ನಲ್ಲಿ ಹಳೆಯ ಸ್ಕೇಲ್ ಸಾಲು ಉಳಿಯುವುದಿಲ್ಲ, ಉಳಿಯಲೂಬಾರದು.

ಅನ್‌ಸ್ಕೇಲ್ ಮತ್ತು ಸ್ಕೇಲ್ ಎಂಬ ಎರಡು ಆಯ್ಕೆಗಳನ್ನು ಕಲಸಿಕೊಳ್ಳುವವರು ಬಹಳ. ಹೆಸರು ಹತ್ತಿರವಾದರೂ ಕೆಲಸ ಬೇರೆ. -ಸ್ಕೇಲ್ ಮೆಟಾಡೇಟಾದ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಮೂಲದ ಕನಿಷ್ಠ, ಗರಿಷ್ಠ, ಗುರಿಯ ಕನಿಷ್ಠ, ಗರಿಷ್ಠ ಎಂಬ ನಾಲ್ಕು ಅಂಕಿ ಕೊಟ್ಟರೆ ಆ ಎರಡು ವ್ಯಾಪ್ತಿಗಳನ್ನು ನೇರ ಗೆರೆಯಲ್ಲಿ ಜೋಡಿಸುತ್ತದೆ. -ಸ್ಕೇಲ್ 0 10000 0 1 ಎಂದರೆ 0.0001ರಿಂದ ಗುಣಿಸಿದಂತೆ. ಲ್ಯಾಂಡ್‌ಸ್ಯಾಟ್ ಪ್ರತಿಫಲನಕ್ಕೆ -ಸ್ಕೇಲ್ 0 65535 -0.2 1.6022125 ಕೊಟ್ಟರೂ ಸರಿಯಾದ ಉತ್ತರವೇ ಬರುತ್ತದೆ. ಆದರೆ ಅಂಕಿಗಳನ್ನು ಕೊಡದೆ ಬರೀ -ಸ್ಕೇಲ್ ಬರೆದರೆ ಜಿಡಾಲ್ ಆ ಫೈಲ್‌ನ ಕನಿಷ್ಠ, ಗರಿಷ್ಠವನ್ನು ತಾನೇ ಹುಡುಕಿ ಹಿಗ್ಗಿಸುತ್ತದೆ. ಅದು ಚಿತ್ರ ತೋರಿಸಲು ಸರಿ, ಅಳತೆಗೆ ಅಲ್ಲ. ಒಂದೊಂದು ಫೈಲ್ ಒಂದೊಂದು ಬಗೆಯಲ್ಲಿ ಹಿಗ್ಗಿ, ಎರಡು ದಿನಾಂಕಗಳನ್ನು ಹೋಲಿಸುವುದೇ ಅಸಾಧ್ಯವಾಗುತ್ತದೆ.

ಮೆಟಾಡೇಟಾ ಇಲ್ಲದಿದ್ದರೆ

ಲ್ಯಾಂಡ್‌ಸ್ಯಾಟ್ ಟಿಫ್‌ಗಳ ಕಥೆ ಇದು. ಗುಣಕಗಳು ಜೊತೆಗೆ ಬರುವ ಎಂಟಿಎಲ್ ಎಂಬ ಮೆಟಾಡೇಟಾ ಫೈಲ್‌ನಲ್ಲಿರುತ್ತವೆ, ಟಿಫ್‌ನ ಬ್ಯಾಂಡಿನಲ್ಲಿ ಅಲ್ಲ. ಹೀಗಿರುವಾಗ ಅನ್‌ಸ್ಕೇಲ್ ಓಡಿಸಿದರೆ 14545 ಎಂಬುದು 14545.0 ಆಗುತ್ತದೆ, ಫೈಲ್ ದೊಡ್ಡದಾಗುತ್ತದೆ, ಬೇರೇನೂ ಆಗುವುದಿಲ್ಲ.

ದಾರಿ ಎರಡು ಹೆಜ್ಜೆಯದು. ಮೊದಲು ಪಿಕ್ಸೆಲ್ ಮುಟ್ಟದೆ, ಸ್ಕೇಲ್ ಮತ್ತು ಆಫ್‌ಸೆಟ್ ಬರೆದ ವಿಆರ್‌ಟಿ ಫೈಲ್ ಮಾಡಿ. ವಿಆರ್‌ಟಿ ಎಂದರೆ ಮೂಲ ಫೈಲನ್ನು ಬೊಟ್ಟು ಮಾಡಿ ತೋರಿಸುವ ಸಣ್ಣ ಎಕ್ಸ್‌ಎಂಎಲ್. ಕೆಲವೇ ಕೆಬಿ ಇರುತ್ತದೆ.

ಜಿಡಾಲ್_ಟ್ರಾನ್ಸ್‌ಲೇಟ್ -ಓಎಫ್ ವಿಆರ್‌ಟಿ -ಎ_ಸ್ಕೇಲ್ 0.0000275 -ಎ_ಆಫ್‌ಸೆಟ್ -0.2 ಬ್ಯಾಂಡ್4.ಟಿಫ್ ಬ್ಯಾಂಡ್4.ವಿಆರ್‌ಟಿ

ಆಮೇಲೆ ಆ ವಿಆರ್‌ಟಿಯನ್ನು ಬಿಚ್ಚಿ:

ಜಿಡಾಲ್_ಟ್ರಾನ್ಸ್‌ಲೇಟ್ -ಅನ್‌ಸ್ಕೇಲ್ -ಓಟಿ ಫ್ಲೋಟ್32 ಬ್ಯಾಂಡ್4.ವಿಆರ್‌ಟಿ ಬ್ಯಾಂಡ್4_ಪ್ರತಿಫಲನ.ಟಿಫ್

ಎರಡನ್ನೂ ಒಂದೇ ಆಜ್ಞೆಯಲ್ಲಿ ಸೇರಿಸುವ ಆಸೆ ಬೇಡ. ಅನ್‌ಸ್ಕೇಲ್ ಓದುವುದು ಮೂಲ ಫೈಲ್‌ನ ಸ್ಕೇಲನ್ನು. ಎ_ಸ್ಕೇಲ್ ಬರೆಯುವುದು ಔಟ್‌ಪುಟ್ ಫೈಲ್ ಮೇಲೆ. ಸೇರಿಸಿದರೆ ಕಚ್ಚಾ ಅಂಕಿಗಳು ಹಾಗೇ ಉಳಿದು, ಮೇಲೊಂದು ಸ್ಕೇಲ್ ಚೀಟಿ ಅಂಟಿಕೊಂಡ ಫೈಲ್ ಬರುತ್ತದೆ. ಎ_ಸ್ಕೇಲ್ ಎಲ್ಲ ಬ್ಯಾಂಡ್‌ಗಳಿಗೂ ಒಂದೇ ಅಂಕಿ ಹಾಕುತ್ತದೆ ಎಂಬುದೂ ನೆನಪಿರಲಿ. ಪ್ರತಿಫಲನ ಮತ್ತು ಉಷ್ಣತೆಯ ಬ್ಯಾಂಡ್‌ಗಳು ಒಂದೇ ಫೈಲ್‌ನಲ್ಲಿದ್ದರೆ -ಬಿ ಆಯ್ಕೆಯಿಂದ ಬೇರ್ಪಡಿಸಿ ಮಾಡಿ.

ಕ್ಯೂಎ (ಗುಣಮಟ್ಟ ಸೂಚಿಸುವ) ಬ್ಯಾಂಡ್‌ಗಳನ್ನು ಯಾವ ಕಾರಣಕ್ಕೂ ಸ್ಕೇಲ್ ಮಾಡಬಾರದು. ಅಲ್ಲಿರುವುದು ಅಳತೆಯಲ್ಲ, ಮೋಡ, ನೆರಳು, ನೀರು ಎಂಬ ಗುರುತುಗಳನ್ನು ಬಿಟ್‌ಗಳಲ್ಲಿ ಜೋಡಿಸಿದ ಸಂಕೇತ. ಗುಣಿಸಿದ ಕ್ಷಣವೇ ಅದರ ಅರ್ಥ ಹೋಗುತ್ತದೆ.

ಮೆಟಾಡೇಟಾ ಇದ್ದೂ ದಾರಿ ತಪ್ಪಿಸಿದರೆ

ಮೋಡಿಸ್ ಎಂಒಡಿ13 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಎಚ್‌ಡಿಎಫ್‌ನಲ್ಲಿ ಸ್ಕೇಲ್ ಫ್ಯಾಕ್ಟರ್ ಎಂದು ಬರೆದಿರುವುದು 10000. ಬರೆದವರ ಉದ್ದೇಶ 10000ದಿಂದ ಭಾಗಿಸಿ ಎಂದು. ಆದರೆ ಮೇಲಿನ ಸೂತ್ರ ಗುಣಿಸುತ್ತದೆ. ಹಾಗಾಗಿ ಬರೀ ಅನ್‌ಸ್ಕೇಲ್ ಕೊಟ್ಟರೆ 6400 ಎಂಬುದು 0.64 ಆಗುವ ಬದಲು 6,40,00,000 ಆಗಿಬಿಡುತ್ತದೆ. ಸ್ಕೇಲನ್ನು ತಾನಾಗಿಯೇ ಅನ್ವಯಿಸುವ ಬೇರೆ ಸಾಫ್ಟ್‌ವೇರ್‌ಗಳಲ್ಲೂ ಇದೇ ಗತಿ. ಪರಿಹಾರ ಮೇಲಿನದೇ: ಎ_ಸ್ಕೇಲ್ 0.0001 ಎಂದು ವಿಆರ್‌ಟಿಯಲ್ಲಿ ಹಳೆಯ ಅಂಕಿಯ ಮೇಲೆ ಬರೆದು, ಆಮೇಲೆ ಬಿಚ್ಚಿ. ಇದು ಕಣ್ಣಿಗೆ ರಾಚುವ ತಪ್ಪು, ಬೇಗ ಸಿಕ್ಕಿಬೀಳುತ್ತದೆ.

ಸೆಂಟಿನೆಲ್-2ರದ್ದು ಅಷ್ಟು ಸುಲಭವಾಗಿ ಸಿಗುವುದಿಲ್ಲ. 2022ರ ಜನವರಿ 25ರಂದು ಬಂದ 04.00 ಬೇಸ್‌ಲೈನ್‌ನಿಂದ ಕಚ್ಚಾ ಅಂಕಿಗಳಿಗೆ 1000 ಸೇರಿಸಿ ಕೊಡಲಾಗುತ್ತಿದೆ. ಕಡು ನೆರಳು, ನೀರಿನ ಮೇಲೆ ಬರುವ ಋಣ ಮೌಲ್ಯಗಳು 0ಗೆ ಕತ್ತರಿಸಿಹೋಗದಿರಲಿ ಎಂಬುದು ಕಾರಣ. ಆದ್ದರಿಂದ ಸೂತ್ರ 0.0001ರಿಂದ ಗುಣಿಸಿ 0.1 ಕಳೆಯುವುದು. ಕಳೆಯುವುದನ್ನು ಮರೆತರೆ ಪ್ರತಿ ಪಿಕ್ಸೆಲ್‌ಗೂ 0.1 ಹೆಚ್ಚಾಗುತ್ತದೆ, ಚಿತ್ರ ತುಸು ಮಂಕಾಗಿ ಕಾಣುತ್ತದೆ, ಅಷ್ಟೇ. ಆದರೆ ಎನ್‌ಡಿವಿಐ ಗಣನೀಯವಾಗಿ ಇಳಿಯುತ್ತದೆ. ಕೆಂಪು 0.05, ಸಮೀಪ ಅತಿಕೆಂಪು 0.35 ಇದ್ದರೆ ಸರಿ ಉತ್ತರ 0.75; ಎರಡಕ್ಕೂ 0.1 ಸೇರಿದರೆ 0.5. ಬೆಳೆ ಒಣಗಿದೆ ಎಂದು ವರದಿ ಬರೆಯುವಷ್ಟು ದೊಡ್ಡ ವ್ಯತ್ಯಾಸ ಇದು. ದಿನಾಂಕ ನೋಡಿ ನಿರ್ಧರಿಸಬೇಡಿ, ಏಕೆಂದರೆ ಹಳೆಯ ದೃಶ್ಯಗಳನ್ನೂ ಹೊಸ ಬೇಸ್‌ಲೈನ್‌ನಲ್ಲಿ ಮರುಸಂಸ್ಕರಿಸಿದ್ದಾರೆ. ಫೈಲ್ ಹೆಸರಿನಲ್ಲಿ ಎನ್ ಅಕ್ಷರದ ನಂತರದ ನಾಲ್ಕು ಅಂಕಿ 0400 ಅಥವಾ ಹೆಚ್ಚಿದ್ದರೆ ಆಫ್‌ಸೆಟ್ ಇದೆ. ಕೆಲವು ವಿತರಕರು ಅದನ್ನು ಮೊದಲೇ ಕಳೆದು ಕೊಡುತ್ತಾರೆ. ಪಡೆದ ಕಡೆಯ ವಿವರಣೆ ಓದಿಯೇ ಮುಂದುವರಿಯಿರಿ.

ನೋಡೇಟಾ: ಅತಿ ಹೆಚ್ಚು ಹಾಳಾಗುವ ಜಾಗ

ಫಿಲ್ ಅಂಕಿಯೂ ಗುಣಿಸಿಕೊಂಡುಬಿಟ್ಟರೆ ಏನಾಗುತ್ತದೆ ನೋಡಿ. ಮೋಡಿಸ್ ಉಷ್ಣತೆಯ 0 ಎಂಬುದು 0 ಕೆಲ್ವಿನ್, ಅಂದರೆ -273.15 ಡಿಗ್ರಿ ಸೆಲ್ಸಿಯಸ್ ಆಗಿ ಸರಾಸರಿಯನ್ನು ಪಾತಾಳಕ್ಕೆ ಎಳೆಯುತ್ತದೆ. ಇದು ಗೊತ್ತಾಗುತ್ತದೆ. ಎನ್‌ಡಿವಿಐನ -3000 ಎಂಬುದು -0.3 ಆಗುತ್ತದೆ. ನೀರಿನ ಮೇಲೆ ಅಂಥ ಮೌಲ್ಯ ಸಹಜವೇ ಅಲ್ಲವೇ ಎಂದು ನೋಡಿದವರು ಮುಂದೆ ಸಾಗುತ್ತಾರೆ. ಲ್ಯಾಂಡ್‌ಸ್ಯಾಟ್‌ನ 0 ಎಂಬುದು -0.2 ಆಗುತ್ತದೆ, ಹೊರಗೆ ನೋಡೇಟಾ ಚೀಟಿ ಮಾತ್ರ ಇನ್ನೂ 0 ಎಂದೇ ಹೇಳುತ್ತಿರುತ್ತದೆ.

ಟ್ರಾನ್ಸ್‌ಲೇಟ್ ಬಳಸಿದ ಪ್ರತಿ ಸಲವೂ ಒಂದು ಫಿಲ್ ಪಿಕ್ಸೆಲ್ ಆರಿಸಿ, ಔಟ್‌ಪುಟ್‌ನಲ್ಲಿ ಅದರ ಮೌಲ್ಯವೂ ನೋಡೇಟಾ ಸಾಲಿನ ಅಂಕಿಯೂ ಒಂದೇ ಇದೆಯೇ ನೋಡಿ. ಹೊಂದದಿದ್ದರೆ, ಅಥವಾ ಮೂಲದಲ್ಲಿ ನೋಡೇಟಾ ಸಾಲೇ ಇಲ್ಲದಿದ್ದರೆ, ಲೆಕ್ಕವನ್ನು ನೇರವಾಗಿ ಬರೆಯುವ ಜಿಡಾಲ್_ಕ್ಯಾಲ್ಕ್ ಮೇಲು:

ಜಿಡಾಲ್_ಕ್ಯಾಲ್ಕ್.ಪಿವೈ -ಎ ಬ್ಯಾಂಡ್4.ಟಿಫ್ --ಔಟ್‌ಫೈಲ್=ಬ್ಯಾಂಡ್4_ಪ್ರತಿಫಲನ.ಟಿಫ್ --ಟೈಪ್=ಫ್ಲೋಟ್32 --ನೋಡೇಟಾವ್ಯಾಲ್ಯೂ=-9999 --ಕ್ಯಾಲ್ಕ್="ಎ*0.0000275-0.2"

ಇಲ್ಲಿನ ಎ ದೊಡ್ಡಕ್ಷರ. ಮೂಲದಲ್ಲಿ ನೋಡೇಟಾ ಗುರುತಿಸಿದ್ದರೆ ಕ್ಯಾಲ್ಕ್ ಆ ಪಿಕ್ಸೆಲ್‌ಗಳನ್ನು ಲೆಕ್ಕದಿಂದ ಹೊರಗಿಟ್ಟು -9999 ತುಂಬುತ್ತದೆ. ನೋಡೇಟಾವ್ಯಾಲ್ಯೂ ಕೊಡದಿದ್ದರೆ ಫ್ಲೋಟ್32ಕ್ಕೆ ಅದು ತಾನಾಗಿ ಆರಿಸುವುದು 3.4ರ ಮುಂದೆ ಹತ್ತರ 38ನೇ ಘಾತದ ಅಂಕಿ. ಅದನ್ನು ಸರಿಯಾಗಿ ಗುರುತಿಸದ ಸಾಫ್ಟ್‌ವೇರ್‌ನಲ್ಲಿ ಬಣ್ಣದ ಪಟ್ಟಿ ಕೆಡುತ್ತದೆ. ಮೂಲದಲ್ಲಿ ನೋಡೇಟಾ ಇಲ್ಲದಿದ್ದರೆ, ಅಥವಾ ಒಪ್ಪಬಹುದಾದ ವ್ಯಾಪ್ತಿಯಾಚೆಯದನ್ನೂ ತೆಗೆಯಬೇಕಿದ್ದರೆ, ಕ್ಯಾಲ್ಕ್ ಭಾಗ ಹೀಗಿರಲಿ:

"ವೇರ್((ಎ>=7273)&(ಎ<=43636), ಎ*0.0000275-0.2, -9999)"

ಎರಡು ಷರತ್ತುಗಳಿಗೂ ಬೇರೆ ಬೇರೆ ಆವರಣ ಕಡ್ಡಾಯ, ಇಲ್ಲದಿದ್ದರೆ ಪೈಥಾನ್ ಮೊದಲು & ಚಿಹ್ನೆಯನ್ನು ಬಿಡಿಸಲು ಹೋಗಿ ಎಡವುತ್ತದೆ. ಹೊರಗಿನ ಉದ್ಧರಣ ಚಿಹ್ನೆಯೂ ಕಡ್ಡಾಯ. ಅದಿಲ್ಲದಿದ್ದರೆ ಶೆಲ್ > ಚಿಹ್ನೆಯನ್ನು ಫೈಲಿಗೆ ಬರೆಯುವ ಆದೇಶ ಎಂದೂ * ಚಿಹ್ನೆಯನ್ನು ಫೈಲ್ ಪಟ್ಟಿ ಎಂದೂ ತಿಳಿಯುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂಟಿ ಉದ್ಧರಣ ನಡೆಯುವುದಿಲ್ಲ, ಜೋಡಿಯೇ ಬೇಕು.

ಕ್ಯಾಲ್ಕ್‌ನಲ್ಲೊಂದು ಅಪಾಯ ಇದೆ. ಲೆಕ್ಕ ಮಾಡುವುದು ನಂಪೈ ಎಂಬ ಪೈಥಾನ್ ಲೈಬ್ರರಿ, ಅದು ಮೂಲದ ಟೈಪನ್ನೇ ಹಿಡಿದುಕೊಂಡಿರುತ್ತದೆ. ಸೆಂಟಿನೆಲ್‌ಗೆ "(ಎ-1000)/10000" ಎಂದು ಬರೆದರೆ ಸೂತ್ರ ಗಣಿತದ ದೃಷ್ಟಿಯಿಂದ ಸರಿ. ಆದರೆ ಯುಇಂಟ್16ನಲ್ಲಿ ಋಣ ಸಂಖ್ಯೆಯೇ ಇಲ್ಲ. 900ರಿಂದ 1000 ಕಳೆದಾಗ -100ರ ಬದಲು 65436 ಬರುತ್ತದೆ, ಪ್ರತಿಫಲನ 6.5436 ಎಂದಾಗುತ್ತದೆ. ನೆರಳಿನ ನಡುವೆ ಹೊಳೆಯುವ ಬಿಳಿ ಚುಕ್ಕೆಗಳು ಕಂಡರೆ ಅದರ ಮೂಲ ಬಹುಮಟ್ಟಿಗೆ ಇದೇ. "ಎ*0.0001-0.1" ಎಂದು ಬರೆದರೆ ಮೊದಲ ಗುಣಾಕಾರದಲ್ಲೇ ದಶಮಾಂಶಕ್ಕೆ ಬದಲಾಗಿ ತೊಂದರೆ ತಪ್ಪುತ್ತದೆ. ಎರಡು ಇಂಟ್16 ರಾಸ್ಟರ್‌ಗಳನ್ನು ಕೂಡುವಾಗಲೂ ಇದೇ ಕಾಟ: 20000 ಮತ್ತು 20000 ಕೂಡಿದರೆ -25536. ಗುಣಕದಿಂದ ಗುಣಿಸಿದ ಮೇಲೆಯೇ ಕೂಡಿ.

ಉಷ್ಣತೆಯನ್ನು ನೇರವಾಗಿ ಸೆಲ್ಸಿಯಸ್‌ಗೆ ತರಲು ಮೋಡಿಸ್‌ಗೆ "ಎ*0.02-273.15", ಲ್ಯಾಂಡ್‌ಸ್ಯಾಟ್‌ಗೆ "ಎ*0.00341802+149-273.15" ಎಂದು ಬರೆಯಿರಿ. 15000 ಎಂಬ ಮೋಡಿಸ್ ಅಂಕಿ 300 ಕೆಲ್ವಿನ್, ಅಂದರೆ 26.85 ಡಿಗ್ರಿ.

ತಾಳೆ ನೋಡುವುದು

ಜಿಡಾಲ್‌ಲೊಕೇಶನ್‌ಇನ್ಫೋ ಇನ್‌ಪುಟ್.ಟಿಫ್ 2500 3100

ಎರಡು ಅಂಕಿಗಳು ಪಿಕ್ಸೆಲ್ ಕಂಬ ಮತ್ತು ಸಾಲು. ರೇಖಾಂಶ, ಅಕ್ಷಾಂಶ ಕೊಡಬೇಕಿದ್ದರೆ -ಡಬ್ಲ್ಯೂಜಿಎಸ್84 ಸೇರಿಸಿ. ವ್ಯಾಲ್ಯೂ ಎಂಬಲ್ಲಿ ಕಚ್ಚಾ ಅಂಕಿ ಸಿಗುತ್ತದೆ. ಮೆಟಾಡೇಟಾದಲ್ಲಿ ಸ್ಕೇಲ್ ಇದ್ದರೆ ಕೆಳಗೆ ಡಿಸ್ಕೇಲ್ಡ್ ವ್ಯಾಲ್ಯೂ ಎಂಬ ಇನ್ನೊಂದು ಸಾಲೂ ಬರುತ್ತದೆ. ಇದೇ ಆಜ್ಞೆಯನ್ನು ಔಟ್‌ಪುಟ್ ಮೇಲೆ ಓಡಿಸಿ, ಕಾಗದದ ಮೇಲೆ ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ. ಏಳನೇ ಅಂಕಿಯಲ್ಲಿ ಚಿಕ್ಕ ವ್ಯತ್ಯಾಸ ಫ್ಲೋಟ್32ರ ಸ್ವಭಾವ, ಚಿಂತೆ ಬೇಡ. ಔಟ್‌ಪುಟ್‌ನಲ್ಲೂ ಡಿಸ್ಕೇಲ್ಡ್ ಸಾಲು ಕಂಡರೆ ಹಳೆಯ ಚೀಟಿ ಇನ್ನೂ ಅಂಟಿಕೊಂಡಿದೆ ಎಂದರ್ಥ. ಓದುವ ಸಾಫ್ಟ್‌ವೇರ್ ಮತ್ತೊಮ್ಮೆ ಗುಣಿಸುತ್ತದೆ. ಜಿಡಾಲ್_ಎಡಿಟ್.ಪಿವೈ -ಸ್ಕೇಲ್ 1 -ಆಫ್‌ಸೆಟ್ 0 ಕೊಟ್ಟು ತೆಗೆಯಿರಿ.

ಎರಡು ಸಲ ಗುಣಿಸುವ ಈ ತಪ್ಪು ಸಾಫ್ಟ್‌ವೇರ್ ಬದಲಾದಾಗ ಹುಟ್ಟುತ್ತದೆ. ಕ್ಯೂಜಿಐಎಸ್ ಮತ್ತು ಆರ್ ಭಾಷೆಯ ಟೆರ್ರಾ, ಬ್ಯಾಂಡಿನ ಸ್ಕೇಲನ್ನು ಓದುವಾಗಲೇ ಅನ್ವಯಿಸುತ್ತವೆ. ಪೈಥಾನ್‌ನ ರಾಸ್ಟರ್‌ಐಒ ಕಚ್ಚಾ ಅಂಕಿಯನ್ನೇ ಕೊಡುತ್ತದೆ. ಒಂದೇ ಫೈಲ್ ಒಂದರಲ್ಲಿ 0.64, ಇನ್ನೊಂದರಲ್ಲಿ 6400 ತೋರಿಸಿದರೆ ಎರಡೂ ಸರಿಯೇ.

ಗಾತ್ರ, ಗುಂಪು, ಹಿಂದಿರುಗುವ ದಾರಿ

ಫ್ಲೋಟ್32 ಔಟ್‌ಪುಟ್‌ಗೆ -ಸಿಓ ಕಂಪ್ರೆಸ್=ಡಿಫ್ಲೇಟ್ -ಸಿಓ ಪ್ರಿಡಿಕ್ಟರ್=3 -ಸಿಓ ಟೈಲ್ಡ್=ಯೆಸ್ ಸೇರಿಸಿ. ದಶಮಾಂಶಕ್ಕೆ ಪ್ರಿಡಿಕ್ಟರ್ 3, ಪೂರ್ಣಾಂಕಕ್ಕೆ 2. ಕ್ಯಾಲ್ಕ್‌ನಲ್ಲಿ ಇದೇ ಆಯ್ಕೆಗಳನ್ನು --ಸಿಓ ಎಂದು ಎರಡು ಅಡ್ಡಗೆರೆಯಿಂದ ಬರೆಯಬೇಕು. ಕತ್ತರಿಸುವ ಕೆಲಸವಿದ್ದರೆ ಕಚ್ಚಾ ಫೈಲ್ ಮೇಲೆ ಮೊದಲು ಮುಗಿಸಿ, ಆಮೇಲೆ ಬಿಚ್ಚಿ. ಬೇಡದ ಕೋಟಿಗಟ್ಟಲೆ ಪಿಕ್ಸೆಲ್‌ಗಳನ್ನು ಗುಣಿಸುವ ಶ್ರಮ ಉಳಿಯುತ್ತದೆ.

ಒಂದು ಫೋಲ್ಡರ್‌ನ ಎಲ್ಲ ಫೈಲ್‌ಗಳನ್ನು ಲೂಪ್‌ನಲ್ಲಿ ಓಡಿಸುವಾಗ ಔಟ್‌ಪುಟ್‌ಗೆ ಬೇರೆ ಫೋಲ್ಡರ್ ಕೊಡಿ. ಅದೇ ಫೋಲ್ಡರ್‌ಗೆ ಬರೆದರೆ ಮುಂದಿನ ಸಲ ಓಡಿಸಿದಾಗ ಬಿಚ್ಚಿದ ಫೈಲ್‌ಗಳೂ ಪಟ್ಟಿಗೆ ಸೇರಿ, ಕ್ಯಾಲ್ಕ್ ಅವನ್ನೂ ಗುಣಿಸುತ್ತದೆ. ಹಳೆಯ ಔಟ್‌ಪುಟ್ ಮೇಲೆ ಮತ್ತೆ ಬರೆಯುವಾಗ ಪಕ್ಕದ .ಆಕ್ಸ್.ಎಕ್ಸ್‌ಎಂಎಲ್ ಫೈಲ್ ಅಳಿಸಿ, ಇಲ್ಲದಿದ್ದರೆ ಹಳೆಯ ಅಂಕಿಅಂಶ ಹೊಸ ನಕ್ಷೆಯ ಬಣ್ಣ ನಿರ್ಧರಿಸುತ್ತದೆ. ನೆಟ್‌ಸಿಡಿಎಫ್‌ನಲ್ಲಿ ಪ್ಯಾಕ್ ಮಾಡಿದ ಹವಾಮಾನ ದತ್ತಾಂಶಗಳಲ್ಲಿ ಸ್ಕೇಲ್, ಆಫ್‌ಸೆಟ್ ಫೈಲ್‌ನಿಂದ ಫೈಲ್‌ಗೆ ಬದಲಾಗಬಹುದು. ಅವನ್ನು ಕಚ್ಚಾ ರೂಪದಲ್ಲೇ ಜೋಡಿಸಿದರೆ ಹೊಲಿಗೆಯ ಗೆರೆಯಲ್ಲಿ ಮೌಲ್ಯ ಜಿಗಿಯುತ್ತದೆ. ಒಂದೊಂದನ್ನೂ ಬಿಚ್ಚಿಯೇ ಜೋಡಿಸಿ.

ಬಿಚ್ಚಲೇಬೇಕೆಂಬ ಕಡ್ಡಾಯವೂ ಇಲ್ಲ. ಸ್ಕೇಲ್ ಓದುವ ಸಾಫ್ಟ್‌ವೇರ್ ಮಾತ್ರ ಬಳಸುವುದಾದರೆ ಎ_ಸ್ಕೇಲ್ ಬರೆದ ಪೂರ್ಣಾಂಕ ಫೈಲ್ ಅರ್ಧ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. ಸಂಗ್ರಹಕ್ಕೆ ಅದೇ ಒಳ್ಳೆಯದು. ಇಲ್ಲವೇ -ಓಎಫ್ ವಿಆರ್‌ಟಿ ಜೊತೆ ಅನ್‌ಸ್ಕೇಲ್ ಕೊಟ್ಟರೆ ಓದುವ ಹೊತ್ತಿಗೆ ಬಿಚ್ಚಿಕೊಳ್ಳುವ ಫೈಲ್ ಸಿಗುತ್ತದೆ. ಮೂಲ ಫೈಲನ್ನು ಸರಿಸಿದರೆ ಮಾತ್ರ ಕೊಂಡಿ ಕಳಚುತ್ತದೆ.

ಲೆಕ್ಕ ಮುಗಿದ ಎನ್‌ಡಿವಿಐಯನ್ನು ಮತ್ತೆ ಪೂರ್ಣಾಂಕಕ್ಕೆ ಮಡಚಲು ಕ್ಯಾಲ್ಕ್‌ನಲ್ಲಿ "ರಿಂಟ್(ಎ*10000)", --ಟೈಪ್=ಇಂಟ್16, --ನೋಡೇಟಾವ್ಯಾಲ್ಯೂ=-32768 ಕೊಡಿ. ರಿಂಟ್ ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ನೋಡೇಟಾಗೆ -9999 ಇಲ್ಲಿ ಬೇಡ: ಅದು -0.9999 ಎಂಬ ನಿಜ ಮೌಲ್ಯದ ಕಚ್ಚಾ ರೂಪವೂ ಹೌದು. ಬಳಿಕ ತಪ್ಪದೆ ಜಿಡಾಲ್_ಎಡಿಟ್.ಪಿವೈ -ಸ್ಕೇಲ್ 0.0001 -ಆಫ್‌ಸೆಟ್ 0 ಓಡಿಸಿ, ಬಿಚ್ಚುವ ಸೂತ್ರವನ್ನು ಫೈಲ್‌ನೊಳಗೇ ಬರೆದಿಡಿ.

ಜಿಡಾಲ್ 3.11ರಿಂದ ಹೊಸ ರೀತಿಯ ಆಜ್ಞೆಗಳೂ ಬಂದಿವೆ: ಜಿಡಾಲ್ ರಾಸ್ಟರ್ ಅನ್‌ಸ್ಕೇಲ್, ಜಿಡಾಲ್ ರಾಸ್ಟರ್ ಕ್ಯಾಲ್ಕ್ ಎಂದು ಮೂರು ಪದಗಳಲ್ಲಿ. ಹಳೆಯವೂ ಮೊದಲಿನಂತೆಯೇ ನಡೆಯುತ್ತವೆ. ಯಾವುದರಿಂದ ಮಾಡಿದರೂ ಬರೆದಿಟ್ಟ ಆ ಒಂದು ಪಿಕ್ಸೆಲ್ ಮತ್ತು ಒಂದು ಫಿಲ್ ಪಿಕ್ಸೆಲ್, ಇವೆರಡನ್ನೂ ಔಟ್‌ಪುಟ್‌ನಲ್ಲಿ ನೋಡಿಯೇ ಫೈಲನ್ನು ಮುಂದಿನವರ ಕೈಗೆ ಕೊಡಿ.